ಹಳದಿ ಬಾವುಟದ ಹಲಗೆಗಳು

ಸೆಪ್ಟೆಂಬರ್ ೪, ಗುರುವಾರ

ತಲೆಸುತ್ತು: ಎರಡು ಸಲ. ಬೆಳಿಗ್ಗೆ ಹಾಲು ಕಾಯಿಸುವಾಗ ಒಂದು, ಮಧ್ಯಾಹ್ನ ಮೆಟ್ಟಿಲು ಇಳಿಯುವಾಗ ಒಂದು. ಎರಡನೆಯದು ಜೋರು.

ಹೀಗೇ ಬರೆದಿಡಬೇಕು ಅಂತ ಡಾಕ್ಟರಮ್ಮನ ಅಪ್ಪಣೆ. ಕಿವಿಯೊಳಗೆ ದೀಪ ಬಿಟ್ಟು ನೋಡಿದರು, ರಕ್ತ ತೆಗೆದರು, ಒಂಟಿ ಕಾಲಲ್ಲಿ ನಿಲ್ಲಿಸಿದರು, ಏನೂ ಸಿಗಲಿಲ್ಲ. ಯಾವಾಗ ಬಂತು, ಎಷ್ಟು ಹೊತ್ತಿತ್ತು, ಆಗ ಏನು ಮಾಡುತ್ತಿದ್ದಿರಿ, ಒಂದು ತಿಂಗಳು ಬರೆದು ತನ್ನಿ ಎಂದರು. ಅದಕ್ಕೇ ಈ ಪುಸ್ತಕ. ಬೇರೆ ಏನನ್ನೂ ಇದರಲ್ಲಿ ಬರೆಯುವುದಿಲ್ಲ.

ಸುತ್ತು ಶುರುವಾದದ್ದು ಆಗಸ್ಟ್ ಇಪ್ಪತ್ತೊಂದಕ್ಕೆ. ಅವತ್ತು ಇವರು ರಿಪೇರಿಯಿಂದ ಬಂದ ದೋಣಿ ಮೋಟಾರನ್ನು ಹೆಗಲ ಮೇಲೆ ಹೊತ್ತು ಮನೆ ಕೆಳಗಿನ ದೋಣಿಕಟ್ಟೆಯ ಮೆಟ್ಟಿಲು ಇಳಿಯುತ್ತ ಜಾರಿ ಬಿದ್ದರು. ಮೋಟಾರಿಗೆ ಒಂದು ಗೀರೂ ಇಲ್ಲ. ಇವರ ಭುಜದ ಮೂಳೆ ಎರಡು ತುಂಡು. ನಾನು ಊಟದ ಡಬ್ಬಿ ಹಿಡಿದು ಮೇಲಿನ ಮೆಟ್ಟಿಲಲ್ಲೇ ನಿಂತಿದ್ದೆ, ಬೀಳುವುದನ್ನು ಮೊದಲಿಂದ ಕೊನೆಯವರೆಗೆ ನೋಡಿದೆ.

ಈಗ ನಾನು ಸಮವಸ್ತ್ರದ ಕಾರ್ಖಾನೆಗೆ ರಜೆ ಹಾಕಿ ಮನೆಯಲ್ಲಿದ್ದೇನೆ. ಇವರು ಕೈಯನ್ನು ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿ ಹಾಕಿಕೊಂಡು ಕಿಟಕಿಯ ಪಕ್ಕ ಕೂತಿದ್ದಾರೆ. ಅತ್ತೆ ಇದ್ದಾರೆ. ಅತ್ತೆ ನನ್ನ ಜೊತೆ ಮಾತಾಡಿ ಎಂಟು ವರ್ಷವಾಯಿತು. ಜಗಳವೇನಿಲ್ಲ, ಮಾತಷ್ಟೇ ಇಲ್ಲ. ಮಾವ ತೀರಿಕೊಂಡ ವರ್ಷ ಅವರ ಹಳದಿ ಮಳೆಕೋಟನ್ನು ಹಳೇ ಬಟ್ಟೆ ಅಂದುಕೊಂಡು ಕತ್ತರಿಸಿ ನನ್ನ ಹೊಲಿಗೆ ಮಷಿನ್ನಿಗೆ ಮುಸುಕು ಹೊಲಿದುಬಿಟ್ಟಿದ್ದೆ. ಅವತ್ತಿನಿಂದ ನನಗೆ ಹೇಳಬೇಕಾದ್ದೆಲ್ಲ ಮಗನ ಮೂಲಕ ಬರುತ್ತದೆ. "ಉಪ್ಪು ಕಮ್ಮಿ ಅಂತ ನಿನ್ನ ಹೆಂಡತಿಗೆ ಹೇಳು" ಎನ್ನುತ್ತಾರೆ. ನಾನು ಎದುರಿಗೇ ಬಡಿಸುತ್ತಿರುತ್ತೇನೆ.

ಸೆಪ್ಟೆಂಬರ್ ೬, ಶನಿವಾರ

ತಲೆಸುತ್ತು: ಮೂರು ಸಲ. ಮೂರು ಸಲವೂ ಸಂಘದ ಚೀಟಿ ಓದಿದ ಮೇಲೆ.

ದೋಣಿಕಟ್ಟೆ ಸಂಘದ ಕಾರ್ಯದರ್ಶಿ ತಾವೇ ಬಂದು ಚೀಟಿ ಕೊಟ್ಟರು, ಕೂರಲೂ ಇಲ್ಲ. ಯಾವ ದೋಣಿ ನಲವತ್ತು ದಿನದಲ್ಲಿ ಹದಿನೆಂಟು ಇಂಚು ದಾಟಿದ ಹನ್ನೆರಡು ಮೀನನ್ನು ಕಟ್ಟೆಗೆ ತಂದು ಅಳೆಸುವುದಿಲ್ಲವೋ ಕಟ್ಟೆಯಲ್ಲಿ ಅದನ್ನು ಕಟ್ಟುವ ಜಾಗ ಸರದಿಯಲ್ಲಿ ಮುಂದಿನವರಿಗೆ. ಆಗಸ್ಟ್ ಇಪ್ಪತ್ತೊಂದರಿಂದ ಎಣಿಸಿದ ನಮ್ಮ ನಲವತ್ತು ದಿನ ಈ ತಿಂಗಳ ಮೂವತ್ತಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ ಮುಗಿಯುತ್ತದೆ. ಈ ನಿಯಮ ಮಾಡಿದ ಪುಣ್ಯಾತ್ಮರು ಯಾರಪ್ಪಾ ಅಂದರೆ ನಮ್ಮ ಮಾವನವರೇ! ಸಂಘದ ಮೊದಲ ಅಧ್ಯಕ್ಷರು. ಶೋಕಿಗೆ ದೋಣಿ ಕಟ್ಟಿ ಬಿಡುವವರು ಜಾಗ ಹಿಡಿಯಬಾರದು ಅಂತ ಮಾಡಿದ್ದರಂತೆ.

ಸರದಿಯಲ್ಲಿ ಮುಂದಿರುವುದು ಒಬ್ಬ ಬಿಳಿ ಟೋಪಿಯ ಯಜಮಾನ. ಇವತ್ತು ಬಂದು ನಮ್ಮ ಜಾಗವನ್ನು ಹೆಜ್ಜೆ ಹಾಕಿ ಅಳೆದುಕೊಂಡು ಹೋದ. ಕಿಟಕಿಯಿಂದ ಮೂವರೂ ನೋಡಿದೆವು.

ಈ ಜಾಗ ಮನೆಯ ಮೆಟ್ಟಿಲ ಬುಡದಲ್ಲೇ ಇದೆ. ಮೋಟಾರನ್ನು ದೋಣಿಯಲ್ಲೇ ಬೀಗ ಹಾಕಿ ಬಿಡಬಹುದು. ಇದು ಹೋದರೆ ಸಿಗುವುದು ಆಚೆ ದಡ, ದಿನಾ ಮೋಟಾರು ಹೊತ್ತು ಒಂದು ಮೈಲಿ ನಡೆಯಬೇಕು. ಇನ್ನು ಈ ಭುಜದ ಮೇಲೆ ಭಾರ ಹೊರಲೇಬೇಡಿ ಎಂದಿದ್ದಾರೆ ಮೂಳೆ ಡಾಕ್ಟರು. ಅಂದರೆ ಜಾಗ ಹೋದರೆ ದೋಣಿಯೂ ಹೋದಂತೆ. ಇವರನ್ನು ಊಟಕ್ಕೆ ಕರೆದರೆ ಹಸಿವಿಲ್ಲ ಎಂದರು.

ಸೆಪ್ಟೆಂಬರ್ ೮, ಸೋಮವಾರ

ತಲೆಸುತ್ತು: ಒಂದು. ಆದರೆ ಎಂಥದ್ದು!

ಬೆಳಿಗ್ಗೆ ತಿಂಡಿಯ ಹೊತ್ತಿಗೆ ಅತ್ತೆ ಮಗನಿಗೆ ಹೇಳಿದರು: "ದೋಣಿ ತೆಗಿ ಅಂತ ನಿನ್ನ ಹೆಂಡತಿಗೆ ಹೇಳು. ಗಾಳ ನಾನು ಹಿಡೀತೀನಿ."

ಇವರು ನಕ್ಕರು. ಅತ್ತೆ ನಗಲಿಲ್ಲ. ಎಪ್ಪತ್ತೊಂದು ವರ್ಷ, ಗಂಟು ಕಟ್ಟಿದ ಬೆರಳು. ಐವತ್ತು ವರ್ಷ ಈ ಮನೆಯ ಮೀನು ಹೆಚ್ಚಿದ್ದಾರೆ, ಒಂದು ದಿನ ದೋಣಿ ಹತ್ತಿದವರಲ್ಲ. ನನಗೋ ನೀರಿನ ಬಕೆಟ್ಟು ಅಲುಗಾಡಿದರೂ ಸುತ್ತು ಬರುವ ಕಾಲ. ಆಗುವುದಿಲ್ಲ ಅನ್ನೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಕೆಳಗೆ ಬಿಳಿ ಟೋಪಿ ಮತ್ತೆ ಬಂದು ನಮ್ಮ ಗೂಟಕ್ಕೆ ತನ್ನ ಹಗ್ಗ ಕಟ್ಟಿ ನೋಡುತ್ತಿದ್ದುದು ಕಾಣಿಸಿತು. ನನಗೆ ಮೈ ಉರಿಯಿತು. ಆಯಿತು ಅಂದುಬಿಟ್ಟೆ.

ಸೆಪ್ಟೆಂಬರ್ ೯, ಮಂಗಳವಾರ

ತಲೆಸುತ್ತು: ನಾಲ್ಕೋ ಐದೋ, ಲೆಕ್ಕ ತಪ್ಪಿತು.

ದೋಣಿಯ ಮೋಟಾರಿಗೆ ಒಂದು ಹಿಡಿ ಇರುತ್ತದೆ. ಹಿಡಿಯನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ಹೋಗುತ್ತದೆ, ಬಲಕ್ಕೆ ತಳ್ಳಿದರೆ ಎಡಕ್ಕೆ. ಇದನ್ನು ಕಂಡುಹಿಡಿದವನು ಕೈಗೆ ಸಿಕ್ಕರೆ ನನಗೆ ಒಂದೆರಡು ಮಾತಾಡುವುದಿದೆ. ಕಟ್ಟೆಯಿಂದ ಇವರು ಕೂಗಿ ಕೂಗಿ ಹೇಳಿಕೊಟ್ಟರು. ಒಂದು ಗಂಟೆ ನಾವು ಅದೇ ಜಾಗದಲ್ಲಿ ಬಟ್ಟೆ ಒಗೆಯುವ ಮಷಿನ್ನಿನ ಹಾಗೆ ಸುತ್ತಿದೆವು. ಬಿಳಿ ಟೋಪಿ ಮಡಚುವ ಕುರ್ಚಿ ತಂದು ಕೂತು ನೋಡಿದ.

ದೋಣಿಯಲ್ಲಿ ಮಗ ಇಲ್ಲವಲ್ಲ, ಅತ್ತೆ ನನಗೆ ಹೇಳಬೇಕಾದ್ದನ್ನು ಯಾರ ಮೂಲಕ ಹೇಳುತ್ತಾರೆ ಎಂದು ನನಗೂ ಕುತೂಹಲವಿತ್ತು. ಅವರು ಮೋಟಾರಿಗೆ ಹೇಳಿದರು. "ಬಂಡೆ ಬಂತು ಅಂತ ಹೇಳಪ್ಪ ಅವಳಿಗೆ" ಎಂದರು ಮೋಟಾರಿಗೆ. ಅಷ್ಟರಲ್ಲಿ ಬಂಡೆ ಬಂದಿತ್ತು.

ಮೀನು ಇಲ್ಲ.

ಸೆಪ್ಟೆಂಬರ್ ೧೧, ಗುರುವಾರ

ತಲೆಸುತ್ತು: ಎರಡು. ಮೀನು: ಒಂದು!

ಇವರು ಬೀಸಿ ಎಸೆದರೆ ಗಾಳ ಮೂವತ್ತು ಗಜ ಹೋಗುತ್ತದೆ, ಜೊಂಡಿನ ಅಂಚಿಗೇ ಬೀಳುತ್ತದೆ. ನಾವು ಎಸೆದರೆ ನಮ್ಮ ಸೀರೆಗೇ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಎಸೆಯುವುದು ಬಿಟ್ಟು, ತಗಡಿನ ಮೀನು ಕಟ್ಟಿದ ಎರಡು ಗಾಳಗಳನ್ನು ದೋಣಿಯ ಹಿಂದೆ ಎಳೆದುಕೊಂಡು ನಿಧಾನಕ್ಕೆ ಹೊರಟೆವು. ಎರಡು ದಿನಕ್ಕೆ ಒಂದೇ ಒಂದು ಮೀನು ಸಿಕ್ಕಿತು, ಅದೂ ಕಿವುಡು ಮೀನಿರಬೇಕು. ಹತ್ತೊಂಬತ್ತು ಇಂಚು.

ಸಂಜೆ ಅತ್ತೆ ಅದರ ಹೊಟ್ಟೆ ಸೀಳಿ, ಒಳಗಿದ್ದದ್ದನ್ನು ತಟ್ಟೆಯಲ್ಲಿ ಹರಡಿಕೊಂಡು ಕನ್ನಡಕ ಹಾಕಿ ನೋಡಿದರು. ಉಗುರುದ್ದದ ಬೆಳ್ಳಿ ಮರಿಗಳು, ಜೊಂಡಿನ ಚೂರು. ಅತ್ತೆ ಸತ್ತ ಮೀನಿಗೆ ಹೇಳಿದರು: "ನೀನು ಜೊಂಡಿನ ಬುಡದಲ್ಲಿ ಮೇಯ್ತಿದ್ದೀಯ. ಅಲ್ಲಿ ಮೊಣಕಾಲುದ್ದ ನೀರು. ದೋಣಿ ಬಂದ್ರೆ ತಳ ತಾಗತ್ತೆ, ಮೋಟಾರಿನ ಸದ್ದಿಗೆ ನೀನು ಓಡ್ತೀಯ. ಅವಳಿಗೆ ಇದು ಹೊಳೀಬೇಕಲ್ಲ." ಐವತ್ತು ವರ್ಷ ಮೀನಿನ ಹೊಟ್ಟೆ ಓದಿದವರು, ನಿಜ ಹೇಳಬೇಕೆಂದರೆ ನಾನು ದಂಗಾದೆ.

ದೋಣಿ ಆಳದಲ್ಲಿರಬೇಕು, ಗಾಳ ಮಾತ್ರ ಪಕ್ಕಕ್ಕೆ ದೂರ ಹೋಗಿ ಜೊಂಡಿನ ಅಂಚಿನಲ್ಲಿ ಓಡಬೇಕು. ಅದು ಹೇಗೆ ಸಾಧ್ಯ? ಕಿಟಕಿಗೆ ಒರಗಿದ್ದ ಇವರು ನೆಟ್ಟಗೆ ಎದ್ದು ಕೂತು, "ಪ್ಲೇನರ್ ಬೋರ್ಡ್" ಎಂದರು.

ಸೆಪ್ಟೆಂಬರ್ ೧೨, ಶುಕ್ರವಾರ

ತಲೆಸುತ್ತು: ಒಂದು, ಬಸ್ಸಿನಲ್ಲಿ.

ಪ್ಲೇನರ್ ಬೋರ್ಡು ಅಂದರೆ ಒಂದು ಹಲಗೆ. ನೀರಲ್ಲಿ ಅಂಚಿನ ಮೇಲೆ ನೆಟ್ಟಗೆ ನಿಂತು ತೇಲುತ್ತದೆ. ಮೂತಿಯನ್ನು ಓರೆಯಾಗಿ ಕತ್ತರಿಸಿರುತ್ತಾರೆ. ದೋಣಿ ಎಳೆದಾಗ ನೀರು ಆ ಓರೆಗೆ ಒತ್ತಿ ಹಲಗೆಯನ್ನು ಪಕ್ಕಕ್ಕೆ ತಳ್ಳುತ್ತದೆ, ಗಾಳಿಪಟ ಮೇಲೇರಿದ ಹಾಗೆ ಹಲಗೆ ದೂರ ಸರಿಯುತ್ತದೆ. ಗಾಳವೂ ಅದರ ಜೊತೆ ಹೋಗುತ್ತದೆ. ಎಡಕ್ಕೊಂದು, ಬಲಕ್ಕೊಂದು.

ಗಾಳದ ಅಂಗಡಿಯವನು ಎರಡು ಬಗೆ ತೋರಿಸಿದ. ಒಂದು ಅಂಗೈಯಗಲದ ಚಿಕ್ಕ ಹಲಗೆ, ಗಾಳದ ದಾರಕ್ಕೇ ಸಿಕ್ಕಿಸುವುದು. ಕಂಬ ಬೇಡ, ಹಗ್ಗ ಬೇಡ. ಆದರೆ ಮೀನು ಬಿದ್ದಾಗ ದಾರ ಸುತ್ತುತ್ತ ಸುತ್ತುತ್ತ ನಡುವೆಯೇ ಅದರ ಬಿಗಿ ಕ್ಲಿಪ್ಪು ಒತ್ತಿ ಹಲಗೆ ಕಳಚಬೇಕು. ಅತ್ತೆ ಒತ್ತಿದರು, ಎರಡು ಕೈಯಲ್ಲೂ ಒತ್ತಿದರು, ಆಗಲಿಲ್ಲ. ಬೆರಳು ಸೆರಗಿನೊಳಗೆ ಮುಚ್ಚಿಕೊಂಡರು. ಇನ್ನೊಂದು ಬಗೆ ದೊಡ್ಡ ಜೋಡಿ ಹಲಗೆ. ದೋಣಿಯ ಮುಂದುಗಡೆ ಕಂಬ ನಿಲ್ಲಿಸಿ, ಕಂಬದಿಂದ ಹಗ್ಗ ಬಿಟ್ಟು ಹಲಗೆ ಎಳೆಯುವುದು. ಗಾಳದ ದಾರವನ್ನು ಆ ಹಗ್ಗಕ್ಕೆ ಸಡಿಲವಾಗಿ ಸಿಕ್ಕಿಸಿದರೆ ಸಾಕು, ಮೀನು ಕಚ್ಚಿದರೆ ತಾನೇ ಬಿಟ್ಟುಕೊಳ್ಳುತ್ತದೆ. ಹಲಗೆ ಅಲ್ಲೇ ಇರುತ್ತದೆ, ನಾವು ಮೀನು ಎಳೆದುಕೊಂಡರಾಯಿತು. ನಮಗೆ ಬೇಕಾದ್ದು ಇದೇ.

ಆದರೆ ಸರಕು ಇಲ್ಲ, ಬರಲು ಒಂದು ತಿಂಗಳು. ಗೋಡೆಗೆ ಮಾದರಿಗೆಂದು ಒಂದೇ ಒಂದು ಹಲಗೆ ನೇತುಹಾಕಿದ್ದ, ಅದನ್ನು ಕೊಡುವುದಿಲ್ಲ ಎಂದ. ಕೊಡಬೇಡಪ್ಪಾ ಎಂದುಕೊಂಡು ಚೀಲದಿಂದ ಟೇಪು ತೆಗೆದೆ. ಇಪ್ಪತ್ತು ವರ್ಷದಿಂದ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವಳು ನಾನು, ಕಂಡದ್ದನ್ನು ಅಳತೆ ಹಿಡಿಯಲು ನನಗೆ ಯಾರ ಅಪ್ಪಣೆಯೂ ಬೇಡ. ಅತ್ತೆ ಅಂಗಡಿಯವನನ್ನು ದಾರದ ಬಣ್ಣದ ಬಗ್ಗೆ ಹತ್ತು ನಿಮಿಷ ಮಾತಾಡಿಸಿದರು. ಹೊರಗೆ ಬಂದು ಬಸ್ ನಿಲ್ದಾಣದ ಕಂಬಕ್ಕೆ ಹೇಳಿದರು, "ಅಳತೆ ಸರಿಯಾಗಿ ತಗೊಂಡಿದ್ದಾಳೋ ಇಲ್ವೋ."

ಸೆಪ್ಟೆಂಬರ್ ೧೩, ಶನಿವಾರ

ತಲೆಸುತ್ತು: ಇಲ್ಲ. ಬಿಡುವಿರಲಿಲ್ಲ.

ಕಂದು ಕಾಗದದಲ್ಲಿ ನಮೂನೆ ಕತ್ತರಿಸಿದೆ. ಹಿತ್ತಲಲ್ಲಿ ಹಳೇ ಕಪಾಟಿನ ಹಲಗೆ ಬಿಚ್ಚಿ, ನಮೂನೆ ಇಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದು, ಗರಗಸ ಹಿಡಿದೆ. ಅಂಗೈಯಲ್ಲಿ ಎರಡು ಬೊಬ್ಬೆ. ಎರಡು ಹಲಗೆಯನ್ನೂ ಒಂದರ ಮೇಲೊಂದು ಇಟ್ಟು ನೋಡಿದರೆ ಕೂದಲೆಳೆಯ ವ್ಯತ್ಯಾಸವಿಲ್ಲ! ಕಾರ್ಖಾನೆಯಲ್ಲಿ ಹೊಸಬರು ಒಂದೇ ನಮೂನೆಯಿಂದ ಎರಡೂ ಎಡತೋಳು ಕತ್ತರಿಸಿ ಹಾಕುತ್ತಾರೆ, ಅಂಥ ಒಂದು ಜೊತೆ ತೋಳನ್ನು ಎಲ್ಲರಿಗೂ ಬುದ್ಧಿ ಬರಲೆಂದು ನಾನೇ ಗೋಡೆಗೆ ಮೊಳೆ ಹೊಡೆದಿದ್ದೇನೆ. ಕೆಲಸ ಅಂದರೆ ಹೀಗಿರಬೇಕು ಎಂದು ಇವರಿಗೆ ತೋರಿಸಿ ಬೀಗಿದೆ.

ಪ್ರತಿ ಹಲಗೆಯ ಕೆಳ ಅಂಚಿಗೆ ಸೀಸದ ಪಟ್ಟಿ, ನೆಟ್ಟಗೆ ನಿಲ್ಲಲು. ಮೇಲಂಚಿಗೆ ಒಂದು ಬಾವುಟ, ದೂರದಿಂದ ಕಾಣಲು. ಬಾವುಟಕ್ಕೆ ಬಟ್ಟೆ ಹುಡುಕುತ್ತಿದ್ದೆ. ಅತ್ತೆ ಒಳಗೆ ಹೋಗಿ, ಹೊಲಿಗೆ ಮಷಿನ್ನಿನ ಮುಸುಕು ತೆಗೆದುಕೊಂಡು ಬಂದು ನನ್ನ ಮುಂದೆ ಇಟ್ಟರು. ಮಾವನ ಹಳದಿ ಕೋಟು.

ಕೈಗೆತ್ತಿಕೊಂಡ ಕತ್ತರಿಯನ್ನು ಮತ್ತೆ ಕೆಳಗಿಟ್ಟೆ. ಅತ್ತೆ ಮಗನಿಗೆ, "ಕತ್ತರಿಸೋಕೆ ಹೇಳು. ಅವರು ಇದನ್ನ ನೀರಿಗೆ ಅಂತಲೇ ತಗೊಂಡಿದ್ದು" ಎಂದು ಒಳಗೆ ಹೋದರು. ಇವರು ನನಗೆ ಹೇಳಲೇ ಇಲ್ಲ, ಮುಖ ಆಚೆ ತಿರುಗಿಸಿಕೊಂಡರು. ಚೆನ್ನಾಗಿ ಅಂಚು ಮಡಚಿ ಹೊಲಿದೆ.

ಸೆಪ್ಟೆಂಬರ್ ೧೫, ಸೋಮವಾರ

ತಲೆಸುತ್ತು: ಒಂದು. ಕಂಬ ಹಾರಿದಾಗ. ಅದಕ್ಕೆ ಯಾರಿಗಾದರೂ ಬರುತ್ತಿತ್ತು.

ನೀರಿನ ಕೊಳವೆಯೇ ನಮ್ಮ ಕಂಬ. ಆಳೆತ್ತರ, ಹಗ್ಗ ನೀರಿಗೆ ತಾಗದಷ್ಟು. ಮೇಲೆ ಎರಡು ರಾಟೆ, ಎಡದ ಹಗ್ಗಕ್ಕೊಂದು ಬಲದ ಹಗ್ಗಕ್ಕೊಂದು. ದೋಣಿಯ ಮುಂದಿನ ಅಡ್ಡಪಟ್ಟಿಗೆ ಕಂಬದ ಬುಡವನ್ನು ನಾಲ್ಕು ಸ್ಕ್ರೂ ಹಾಕಿ ಕೂರಿಸಿದೆ. ಹಲಗೆ ನೀರಿಗೆ ಬಿಟ್ಟೆವು. ಇಷ್ಟು ಚಿಕ್ಕ ಹಲಗೆ ಇಷ್ಟು ಜೋರಾಗಿ ಎಳೆಯುತ್ತದೆ ಅಂತ ಯಾರಿಗೆ ಗೊತ್ತು? ನಾಲ್ಕೂ ಸ್ಕ್ರೂ ಕಿತ್ತುಕೊಂಡು ಕಂಬ ನನ್ನ ಕಿವಿಯ ಪಕ್ಕ ಹಾರಿ ನೀರಿಗೆ ಬಿತ್ತು. ಹಗ್ಗ ಇದ್ದದ್ದರಿಂದ ಎಳೆದುಕೊಂಡೆವು. ಕಟ್ಟೆಯ ಮೇಲೆ ಬಿಳಿ ಟೋಪಿ ಚಪ್ಪಾಳೆ ತಟ್ಟಿದ.

ಮನೆಗೆ ಬಂದು ತಲೆ ಮೇಲೆ ಕೈ ಹೊತ್ತು ಕೂತಾಗ ಹೊಳೆಯಿತು. ತೆಳು ಬಟ್ಟೆಗೆ ಗುಂಡಿ ಹೊಲಿಯುವಾಗ ಏನು ಮಾಡುತ್ತೇವೆ? ಒಳಗೆ ಒಂದು ದಪ್ಪ ತುಂಡು ಇಟ್ಟು ಸೇರಿಸಿ ಹೊಲಿಯುತ್ತೇವೆ. ಪಟ್ಟಿಯ ಕೆಳಗೆ ದಪ್ಪ ಪ್ಲೈವುಡ್ ಇಟ್ಟು, ಎರಡನ್ನೂ ದಾಟುವ ಹಾಗೆ ತೂತು ಕೊರೆದು, ಅಗಲ ವಾಷರು ಹಾಕಿ ಬೋಲ್ಟು ಬಿಗಿದೆ. ಇವರು ಎಡಗೈಯಲ್ಲಿ ಕಂಬ ಹಿಡಿದು ಅಲ್ಲಾಡಿಸಿದರು. ದೋಣಿ ಅಲ್ಲಾಡಿತು, ಕಂಬ ಅಲ್ಲಾಡಲಿಲ್ಲ.

ಸೆಪ್ಟೆಂಬರ್ ೧೭, ಬುಧವಾರ

ಇವತ್ತಿನದನ್ನು ಹೇಗೆ ಬರೆಯಲಿ! ಬರೆಯುತ್ತಿದ್ದರೂ ನಗು ಬರುತ್ತಿದೆ.

ಎಡದ ಹಲಗೆ ಬಿಟ್ಟೆವು. ಎಡಕ್ಕೆ ಹೋಯಿತು, ರಾಜಗಾಂಭೀರ್ಯದಿಂದ, ಹಳದಿ ಬಾವುಟ ಹಾರಿಸಿಕೊಂಡು. ಬಲದ ಹಲಗೆ ಬಿಟ್ಟೆವು. ಅದು ಒಂದು ಗಳಿಗೆ ಬಲಗಡೆ ನಿಂತು ಯೋಚಿಸಿತು. ಆಮೇಲೆ ದೋಣಿಯ ಮೂತಿಯನ್ನು ಸುತ್ತಿಕೊಂಡು ಎಡಕ್ಕೇ ಹೊರಟಿತು. ಹಗ್ಗಕ್ಕೆ ಹಗ್ಗ ಸುತ್ತಿತು, ಗಾಳಕ್ಕೆ ಗಾಳ ಸಿಕ್ಕಿತು, ಎರಡು ಹಲಗೆಯೂ ಗಂಡಹೆಂಡಿರ ಹಾಗೆ ಮೈಗೆ ಮೈ ತಾಗಿಸಿಕೊಂಡು ಎಡಗಡೆ ತೇಲಿದವು. ಮತ್ತೆ ಎಳೆದು ಬಲಕ್ಕೆ ಬಿಟ್ಟೆವು. ಮತ್ತೆ ಎಡಕ್ಕೇ ಬಂತು.

ಆಗ ಗೊತ್ತಾಯಿತು. ಅಂಗಡಿಯಲ್ಲಿ ಇದ್ದದ್ದು ಎಡದ ಹಲಗೆ ಒಂದೇ. ನಮೂನೆಯನ್ನು ಮಗುಚದೆ ಎರಡನ್ನೂ ಅದರಿಂದಲೇ ಕತ್ತರಿಸಿದ್ದೇನೆ. ಎರಡು ಎಡತೋಳು! ಇಪ್ಪತ್ತು ವರ್ಷದ ಅನುಭವ, ಗೋಡೆಗೆ ಹೊಡೆದ ಮೊಳೆ! ನಾನು ಮೋಟಾರು ನಿಲ್ಲಿಸಿ, ತೋಳಿನ ಕತೆಯನ್ನು ಅತ್ತೆಗೆ ಹೇಳಿ, ಮುಖ ಮುಚ್ಚಿಕೊಂಡೆ. ಕಪಾಟಿನ ಹಲಗೆ ಇನ್ನೊಂದಿಲ್ಲ, ದಿನವೂ ಇಲ್ಲ.

"ಮಗುಚಿ ಹಾಕೇ" ಎಂದರು ಅತ್ತೆ.

"ಆಗಲ್ಲ ಅತ್ತೆ. ಮಗುಚಿದ್ರೆ ಒಳಮೈ ಹೊರಗೆ ಬರತ್ತೆ."

"ಮರಕ್ಕೆ ಒಳಮೈ ಯಾವ್ದೇ, ಹೊರಮೈ ಯಾವ್ದು?"

ನಾನು ಅತ್ತೆಯ ಮುಖ ನೋಡಿದೆ. ಅತ್ತೆ ನನ್ನ ಮುಖ ನೋಡಿದರು. ಹೌದಲ್ಲ! ಬಟ್ಟೆಗೆ ಒಳಮೈ ಇದೆ, ಮರಕ್ಕೆಲ್ಲಿದೆ? ತಲೆಕೆಳಗು ಮಾಡಿದರೆ ಮೂತಿಯ ಓರೆ ತಾನೇ ಆಚೆ ಬದಿಗೆ ಬರುತ್ತದೆ. ಸೀಸವನ್ನು ಈ ಅಂಚಿನಿಂದ ಆ ಅಂಚಿಗೆ, ಬಾವುಟವನ್ನು ಆ ಅಂಚಿನಿಂದ ಈ ಅಂಚಿಗೆ. ಎಂಟು ಸ್ಕ್ರೂ, ಅಷ್ಟೇ. ಮೊದಲು ಯಾರು ನಕ್ಕರೋ ನೆನಪಿಲ್ಲ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಅತ್ತೆ ಕಂಬ ಹಿಡಿದುಕೊಂಡು ನಕ್ಕರು, ದೋಣಿ ತೊಟ್ಟಿಲಿನ ಹಾಗೆ ತೂಗಾಡಿತು, ಅವರ ಕನ್ನಡಕ ನೀರಿಗೆ ಬೀಳುತ್ತಿತ್ತು, ನಾನು ಹಾರಿ ಹಿಡಿದೆ. ಕಟ್ಟೆಯಿಂದ ಇವರು ಏನಾಯ್ತು ಏನಾಯ್ತು ಅಂತ ಕೂಗುತ್ತಲೇ ಇದ್ದರು. ಹೇಳಲು ಇಬ್ಬರಿಗೂ ಉಸಿರಿರಲಿಲ್ಲ.

ಸೆಪ್ಟೆಂಬರ್ ೧೮, ಗುರುವಾರ

ಮೀನು: ಮೂರು! ಒಟ್ಟು ನಾಲ್ಕು.

ಬಲದ್ದು ಬಲಕ್ಕೆ ಹೋಯಿತು! ಎರಡೂ ಕಡೆ ಇಪ್ಪತ್ತೈದು ಗಜ, ಎರಡೂ ಕಡೆ ಹಳದಿ ಬಾವುಟ. ನಡುವೆ ನಾವು, ರೆಕ್ಕೆ ಬಿಚ್ಚಿದ ಹಕ್ಕಿಯ ಹಾಗೆ. ಗಾಳದ ದಾರವನ್ನು ಹಗ್ಗಕ್ಕೆ ಸಿಕ್ಕಿಸಲು ಅತ್ತೆಯದೇ ಉಪಾಯ: ಪರದೆಯ ಬಳೆಗೆ ಬಟ್ಟೆ ಒಣಹಾಕುವ ಕ್ಲಿಪ್ಪು ಕಟ್ಟಿದ್ದಾರೆ. ಬಳೆ ಹಗ್ಗದ ಮೇಲೆ ತಾನೇ ಜಾರಿಕೊಂಡು ದೂರ ಹೋಗುತ್ತದೆ. ಬಟ್ಟೆ ಕ್ಲಿಪ್ಪನ್ನು ಈ ಬೆರಳು ನಿದ್ದೆಯಲ್ಲೂ ಒತ್ತುತ್ತದೆ ಎಂದು ಕೈ ಎತ್ತಿ ತೋರಿಸಿದರು.

ಮೀನು ಕಚ್ಚಿದರೆ ಕ್ಲಿಪ್ಪು ಟಪ್ ಎನ್ನುತ್ತದೆ. ಆ ಸದ್ದು ಕೇಳಿದರೆ ಎದೆ ಒಂದು ಸಲ ನಿಂತು ಆಮೇಲೆ ಓಡುತ್ತದೆ. ಒಟ್ಟು ನಾಲ್ಕು ಸಲ ಟಪ್ ಅಂದಿತು, ಒಂದು ತಪ್ಪಿಸಿಕೊಂಡಿತು. ಕಾರ್ಯದರ್ಶಿ ಮೂರನ್ನೂ ಅಳೆದು ಬರೆದುಕೊಂಡರು. ಬಿಳಿ ಟೋಪಿ ಇವತ್ತು ಕುರ್ಚಿ ತಂದಿರಲಿಲ್ಲ.

ಸೆಪ್ಟೆಂಬರ್ ೨೧, ಭಾನುವಾರ

ಮೀನು: ಎರಡು. ಮೊನ್ನೆಯದೂ ಸೇರಿ ಒಟ್ಟು ಏಳು. ಎಡಕ್ಕೆ ನಾಲ್ಕು, ಬಲಕ್ಕೆ ಎರಡು, ಕಿವುಡು ಒಂದು.

ಅತ್ತೆಗೂ ನನಗೂ ಇವತ್ತು ದೊಡ್ಡ ವಾದ. ತಿರುವಿನಲ್ಲಿ ಒಳಬದಿಯ ಹಲಗೆ ವೇಗ ಕಳೆದುಕೊಂಡು ಮುಳುಗುತ್ತದೆ, ಅಗಲವಾಗಿ ತಿರುಗಿಸು ಅಂತ ಅವರು. ಅಗಲ ತಿರುಗಿಸಿದರೆ ಜೊಂಡು ಬಿಟ್ಟುಹೋಗುತ್ತದೆ ಅಂತ ನಾನು. ದೋಣಿ ಕಟ್ಟುವವರೆಗೆ, ಮೆಟ್ಟಿಲು ಹತ್ತುವವರೆಗೆ, ತಟ್ಟೆ ಹಾಕುವವರೆಗೆ ವಾದ. ಇವರು ನಡುವೆ ಬಾಯಿ ಹಾಕಲು ನೋಡಿದರು. ಇಬ್ಬರೂ ಒಟ್ಟಿಗೆ ಸುಮ್ಮನಿರಿಸಿದೆವು. ನಿಮ್ಮಿಬ್ಬರ ನಡುವೆ ಅಂಚೆಯವನ ಕೆಲಸ ಹೋಯಿತಲ್ಲ ನಂದು ಎಂದರು. ಏನು ಹೇಳಿದರೋ, ನನಗೆ ತಿರುವಿನದೇ ಯೋಚನೆ.

ಸೆಪ್ಟೆಂಬರ್ ೨೪, ಬುಧವಾರ

ಗಾಳಿ. ಎರಡು ದಿನದಿಂದ ದೋಣಿ ಬಿಡಲಾಗಿಲ್ಲ. ಮನೆಯೊಳಗೆ ಕಾಲು ನಿಲ್ಲುತ್ತಿಲ್ಲ. ಇಡೀ ಮಧ್ಯಾಹ್ನ ಇಬ್ಬರೂ ಹಲಗೆಗೆ ಎಣ್ಣೆ ಬಳಿದೆವು.

ಸೆಪ್ಟೆಂಬರ್ ೨೭, ಶನಿವಾರ

ಮೀನು: ಮೂರು. ನಿನ್ನೆಯ ಒಂದೂ ಸೇರಿ ಒಟ್ಟು ಹನ್ನೊಂದು! ಹನ್ನೊಂದು! ಹನ್ನೊಂದು!

ಸೆಪ್ಟೆಂಬರ್ ೨೯, ಸೋಮವಾರ

ನಿನ್ನೆ ಇಲ್ಲ. ಇವತ್ತೂ ಇಲ್ಲ. ನಾಳೆ ಒಂದು ದಿನ. ಬರೆಯಲು ಮನಸ್ಸಿಲ್ಲ.

ಸೆಪ್ಟೆಂಬರ್ ೩೦, ಮಂಗಳವಾರ

ಬೆಳಕು ಹರಿಯುವ ಮೊದಲೇ ಅತ್ತೆ ಕಂಬದ ಬೋಲ್ಟು ಬಿಗಿದು ದೋಣಿಯಲ್ಲಿ ಕೂತಿದ್ದರು. ಗಾಳಿ ಇತ್ತು, ಅಲೆ ಇತ್ತು. ಹಲಗೆಗಳು ಅಲೆಯ ಮೇಲೆ ನೆಗೆನೆಗೆದು ಬಿದ್ದವು, ಬೀಳುವಾಗೆಲ್ಲ ಕ್ಲಿಪ್ಪು ಸುಮ್ಮಸುಮ್ಮನೆ ಬಿಚ್ಚಿಕೊಂಡಿತು. ಕ್ಲಿಪ್ಪಿಗೆ ಇನ್ನೊಂದು ರಬ್ಬರ್ ಬ್ಯಾಂಡು ಸುತ್ತಿದೆವು. ವೇಗ ಕಡಿಮೆ ಮಾಡಿದೆ. ಅಗಲವಾಗಿ ತಿರುಗಿಸಿದೆ, ಅತ್ತೆ ಹೇಳಿದ ಹಾಗೇ.

ಹತ್ತೂವರೆಗೆ ಎಡಗಡೆ ಟಪ್. ಅತ್ತೆ ಎಳೆದರು, ನಾನು ಬಲೆ ಹಿಡಿದೆ. ಬಂತು! ಟೇಪು ಹಿಡಿದೆ. ಹದಿನೇಳೂವರೆ.

"ಸ್ವಲ್ಪ ಸಡಿಲ ಹಿಡಿಯೇ" ಎಂದರು ಅತ್ತೆ. ಟೇಪನ್ನು ಇಪ್ಪತ್ತು ವರ್ಷದಲ್ಲಿ ಒಂದು ದಿನ ಸಡಿಲ ಹಿಡಿದವಳಲ್ಲ ನಾನು. ಇಬ್ಬರೂ ಅದರ ಮುಖ ನೋಡುತ್ತ ಕೂತೆವು. ಆಮೇಲೆ ಅತ್ತೆಯೇ ಅದನ್ನು ನೀರಿಗೆ ಬಿಟ್ಟು, ಹೋಗು, ಊಟ ಮಾಡಿ ಬೆಳೆದು ಬಾ ಎಂದರು.

ಹನ್ನೊಂದೂ ಕಾಲಿಗೆ ತಿರುಗಿದೆವು. ತಿರುಗದಿದ್ದರೆ ಹನ್ನೆರಡಕ್ಕೆ ಕಟ್ಟೆ ಸೇರುವುದಿಲ್ಲ. ಹಲಗೆ ಎತ್ತೋಣವೇ ಎಂದು ಕೇಳಿದೆ, ಎತ್ತಿದರೆ ಬೇಗ ಹೋಗಬಹುದು. ಬೇಗ ಹೋಗಿ ಏನು ಅಳೆಸ್ತೀಯ, ನನ್ನ ಜಡೆನಾ, ಎಂದರು. ಹಲಗೆ ಎತ್ತಲಿಲ್ಲ. ಕಟ್ಟೆ ಕಂಡಿತು. ಮೆಟ್ಟಿಲ ಮೇಲೆ ಇವರು ನಿಂತು ಒಂದು ಕೈ ಬೀಸುತ್ತಿದ್ದರು. ಪಕ್ಕದಲ್ಲಿ ಕಾರ್ಯದರ್ಶಿ, ಪುಸ್ತಕ ಕಂಕುಳಲ್ಲಿ. ಅವರ ಪಕ್ಕ ಬಿಳಿ ಟೋಪಿ, ಕಣ್ಣು ಗಡಿಯಾರದ ಮೇಲೆ. ಕಟ್ಟೆಗೆ ಮುಂಚೆ ಬಲಗಡೆ ಒಂದು ಚೂರು ಜೊಂಡು ಇದೆ, ದಿನಾ ಬೆಳಿಗ್ಗೆ ನೋಡಿಯೂ ನೋಡದೆ ದಾಟಿಹೋಗುವ ಜಾಗ. ನಾನು ಹಿಡಿಯನ್ನು ಎಡಕ್ಕೆ ತಳ್ಳಿದೆ. ಬಲದ ಹಲಗೆ, ನನ್ನ ಆ ತಲೆಕೆಳಗಾದ ಎಡತೋಳು, ಜೊಂಡಿನ ಅಂಚಿಗೆ ಉಜ್ಜಿಕೊಂಡು ಹೋಯಿತು.

ಟಪ್.

ಆಮೇಲಿನದು ನನಗೆ ಸರಿಯಾಗಿ ನೆನಪಿಲ್ಲ. ಗಾಳದ ಕೋಲು ಬಿಲ್ಲಿನ ಹಾಗೆ ಬಗ್ಗಿತು. ಅತ್ತೆಯ ಕೈ ಜಾರಿತು, ನಾನು ಹಿಂದಿನಿಂದ ಅವರ ಸೊಂಟ ಹಿಡಿದೆ, ಮೊಣಕಾಲಲ್ಲಿ ಮೋಟಾರಿನ ಹಿಡಿ ಒತ್ತಿಕೊಂಡೆ. ಕಟ್ಟೆಯ ಮೇಲೆ ಎಲ್ಲರೂ ಕೂಗುತ್ತಿದ್ದರು. ಕಟ್ಟೆಗೆ ದೋಣಿ ಢಿಕ್ಕಿ ಹೊಡೆದದ್ದೂ, ಮೀನು ಬಲೆಗೆ ಬಿದ್ದದ್ದೂ ಒಟ್ಟಿಗೇ. ಹನ್ನೆರಡಕ್ಕೆ ಏಳು ನಿಮಿಷ ಇತ್ತು. ಕಾರ್ಯದರ್ಶಿ ಅಳೆದರು, ನಂಬದೆ ಮತ್ತೊಮ್ಮೆ ಅಳೆದರು. ಇಪ್ಪತ್ತೆರಡು ಇಂಚು.

ಬಿಳಿ ಟೋಪಿ ಟೋಪಿ ತೆಗೆದ. ಒಳಗೆ ಒಂದು ಕೂದಲಿಲ್ಲ ಪಾಪ. ಜಾಗದ ಆಸೆ ಬಿಟ್ಟೆ, ಆದರೆ ಆ ಹಲಗೆ ಹೇಗೆ ಮಾಡಿದಿರಿ ಎಂದು ಕೇಳಿದ. ನಮೂನೆ ಕೊಡುತ್ತೇನೆ ಎಂದೆ.

ಕಾರ್ಯದರ್ಶಿ ಪುಸ್ತಕ ತೆರೆದು, ದೋಣಿ ನಡೆಸುವವರು ಎಂಬ ಕಡೆ ಸಹಿ ಮಾಡಿ ಎಂದು ಇವರ ಮುಂದೆ ಹಿಡಿದರು. ಮಾವನ ಕಾಲದಿಂದ ಪ್ರತಿ ವರ್ಷ ಮನೆಯ ಗಂಡಸರದೇ ಸಹಿ. ಇವರು ಪುಸ್ತಕವನ್ನು ಅಮ್ಮನ ಕಡೆ ತಿರುಗಿಸಿದರು. ಅತ್ತೆ ಪೆನ್ನು ಮುಟ್ಟಲಿಲ್ಲ.

"ನಾನು ಗಾಳ ಹಿಡಿದವಳು" ಎಂದರು. "ದೋಣಿ ನಡೆಸಿದವಳು ಇವಳು. ನನ್ನ ಸೊಸೆ."

ಸಹಿ ಮಾಡಿದೆ. ಅಕ್ಷರ ಸೊಟ್ಟಗಾಯಿತು. ಕಣ್ಣಲ್ಲಿ ನೀರು ಬಂದರೆ ಗೆರೆ ಕಾಣುವುದಿಲ್ಲ. ಮೆಟ್ಟಿಲು ಹತ್ತುವಾಗ ಇವರು ಹಿಂದಿನಿಂದ ಮೆಲ್ಲಗೆ, ನಾಳೆ ನಾನೂ ಬರಲಾ ಎಂದರು. ಭಾರ ಜಾಸ್ತಿ ಆಗುತ್ತದೆ, ನೋಡೋಣ ಎಂದರು ಅತ್ತೆ.

ಅಕ್ಟೋಬರ್ ೩, ಶುಕ್ರವಾರ

ಡಾಕ್ಟರಮ್ಮನ ಹತ್ತಿರ ಹೋಗಿದ್ದೆ. ಅತ್ತೆಯೂ ಬಂದಿದ್ದರು, ದಾರಿಯಲ್ಲಿ ಹಗ್ಗ ಕೊಳ್ಳುವುದಿತ್ತು. ಪುಸ್ತಕ ಕೇಳಿದರು, ಕೊಟ್ಟೆ. ಅವರು ಹಾಳೆ ತಿರುಗಿಸುತ್ತ ಹೋದರು, ತಿರುಗಿಸುತ್ತಲೇ ಹೋದರು. ನನಗೆ ಆಗ ನೆನಪಾಗಿ ನಾಚಿಕೆಯಿಂದ ಮುಖ ಬಿಸಿಯಾಯಿತು. ಹದಿನೈದನೇ ತಾರೀಕಿನ ಮೇಲೆ ಒಂದು ದಿನವೂ ತಲೆಸುತ್ತಿನ ಲೆಕ್ಕವಿಲ್ಲ, ಬರೀ ಮೀನಿನ ಲೆಕ್ಕ.

ತಪ್ಪಾಯಿತು ಡಾಕ್ಟ್ರೇ, ಎಂದೆ. ಸುತ್ತು ಬಂದೇ ಇರುತ್ತದೆ, ಗಡಿಬಿಡಿಯಲ್ಲಿ ಬರೆಯಲು ಮರೆತಿದ್ದೇನೆ, ಬೇಕಾದರೆ ಇನ್ನೊಂದು ತಿಂಗಳು ಸರಿಯಾಗಿ ಬರೆದು ತರುತ್ತೇನೆ.

ಅತ್ತೆ ಪಕ್ಕದ ಕುರ್ಚಿಯಿಂದ ನನ್ನ ತೊಡೆಗೆ ಒಂದು ತಟ್ಟಿದರು.

"ಬಂದಿದ್ರೆ ನನಗೆ ಗೊತ್ತಾಗ್ತಿರಲಿಲ್ವೇನೇ? ಒಂದೇ ದೋಣೀಲಿದ್ದೆ."

ಡಾಕ್ಟರಮ್ಮ ಪುಸ್ತಕ ವಾಪಸು ಕೊಟ್ಟು, ಇನ್ನು ಬರೆಯುವುದು ಬೇಡ ಎಂದರು.

ಮೀನು: ನಾಲ್ಕು. ಎಡಕ್ಕೆ ಒಂದು, ಬಲಕ್ಕೆ ಮೂರು.